ಕಿವಿ ಪರೀಕ್ಷೆ, ಒಳ್ಳೆ ಆಡಿಯಾಲಜಿಸ್ಟ್, ಕೈಗೆಟುಕುವ ಕಿವಿ ಮಷೀನ್: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಹೆಜ್ಜೆ

ನಮ್ಮಪ್ಪಂಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ. ಮೊದಲು ಯಾರ ಹತ್ರ ಕರ್ಕೊಂಡು ಹೋಗೋದು, ಇಎನ್‌ಟಿ ಡಾಕ್ಟ್ರ ಹತ್ರನಾ ಆಡಿಯಾಲಜಿಸ್ಟ್ ಹತ್ರನಾ?

ಮೊದಲು ಇಎನ್‌ಟಿ. ಅವರು ಕಿವಿಯೊಳಗೆ ನೋಡಿ ಗುಗ್ಗೆ ಇದೆಯಾ, ತಮಟೆ ತೂತಾಗಿದೆಯಾ, ಸೋಂಕಿದೆಯಾ ಅನ್ನುವುದನ್ನು ಹೇಳುತ್ತಾರೆ. ಔಷಧಿ, ಆಪರೇಷನ್ ಅವರ ಕೆಲಸ. ಆಡಿಯಾಲಜಿಸ್ಟ್ ಎಂಬಿಬಿಎಸ್ ಓದಿದ ಡಾಕ್ಟರ್ ಅಲ್ಲ. ಎಷ್ಟು ಕೇಳುತ್ತಿದೆ, ಯಾವ ಸ್ವರ ಕೇಳುತ್ತಿಲ್ಲ, ತೊಂದರೆ ಕಿವಿಯ ಯಾವ ಭಾಗದಲ್ಲಿದೆ ಎಂದು ಅಳೆಯುವುದು, ಮಷೀನ್ ಬೇಕಾದರೆ ಆರಿಸಿ ಹೊಂದಿಸುವುದು ಅವರ ಕೆಲಸ. ಗುಗ್ಗೆ ತೆಗೆಸದೆ ಪರೀಕ್ಷೆ ಮಾಡಿಸಿದರೆ ಇಲ್ಲದ ಕಿವುಡು ಕಾಗದದ ಮೇಲೆ ಬಂದುಬಿಡುತ್ತದೆ, ಹಾಗಾಗಿ ಈ ಅನುಕ್ರಮ ತಪ್ಪಿಸಬೇಡಿ.

ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆ ಸುತ್ತು ಜೊತೆಗಿದ್ದರೆ, ಒಂದೇ ಕಿವಿಯಲ್ಲಿ ಗುಂಯ್‌ ಅನ್ನುವ ಸದ್ದು ಬಿಡದೆ ಬರುತ್ತಿದ್ದರೆ ಇಎನ್‌ಟಿ ನೋಡದೆ ಮಷೀನ್ ತೆಗೆದುಕೊಳ್ಳುವ ಮಾತೇ ಬೇಡ.

ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಬಂದ್. ಎರಡು ವಾರ ಕಾದು ನೋಡಬಹುದಾ?

ಕಾಯಬೇಡಿ. ಅದೇ ದಿನ ಇಎನ್‌ಟಿ ಬಳಿ ಹೋಗಿ. ಗುಗ್ಗೆಯಿಂದ ಆಗಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಒಳಗಿವಿಯ ನರದ ಭಾಗಕ್ಕೆ ಹಠಾತ್ತಾಗಿ ಪೆಟ್ಟು ಬಿದ್ದಿದ್ದರೆ ಅದು ತುರ್ತು ಕಾಯಿಲೆ. ಸ್ಟಿರಾಯ್ಡ್ ಚಿಕಿತ್ಸೆಯನ್ನು ಎಷ್ಟು ಬೇಗ ಶುರುಮಾಡಿದರೆ ಶ್ರವಣ ವಾಪಸ್ ಬರುವ ಸಾಧ್ಯತೆ ಅಷ್ಟು ಹೆಚ್ಚು, ಎರಡು ವಾರ ದಾಟಿದರೆ ಫಲ ಬಹಳ ಕಡಿಮೆ. ಶೀತ ಆಗಿರಬೇಕು, ತಾನೇ ಬಿಡುತ್ತೆ ಎಂದು ಮೂಗಿನ ಡ್ರಾಪ್ಸ್ ಹಾಕಿಕೊಂಡು ಕೂತು ಕಿವಿ ಕಳೆದುಕೊಳ್ಳುವವರು ಇಂಥವರೇ.

ಬಿಸಿ ಎಣ್ಣೆ ಬಿಟ್ರೆ ಗುಗ್ಗೆ ಕರಗಿ ಬರಲ್ವಾ? ಬಸ್‌ಸ್ಟ್ಯಾಂಡ್ ಹತ್ರ ತೆಗೆಯೋರೂ ಇರ್ತಾರಲ್ಲ.

ಎರಡೂ ಬೇಡ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗೆ ಇಳಿದು ಕಿವಿ ಸೋರಲು ಶುರುವಾಗುತ್ತದೆ. ತೂತಿದೆಯೋ ಇಲ್ಲವೋ ಹೊರಗಿನಿಂದ ನಿಮಗೆ ಕಾಣುವುದಿಲ್ಲ. ಇಎನ್‌ಟಿ ಕೊಡುವ ಗುಗ್ಗೆ ಮೆದುವಾಗಿಸುವ ಡ್ರಾಪ್ಸ್ ಕೆಲವು ದಿನ ಹಾಕಿ, ಆಮೇಲೆ ಅವರಿಂದಲೇ ತೆಗೆಸಿ. ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತವೆ.

ನಮ್ಮ ಕಡೆ ಪರೀಕ್ಷೆ ಎಲ್ಲಿ ಮಾಡ್ತಾರೆ? ಬೆಂಗಳೂರಿಗೇ ಹೋಗ್ಬೇಕಾ?

ಸಾಮಾನ್ಯ ಪರೀಕ್ಷೆಗೆ ಬೆಂಗಳೂರು ಬೇಕಿಲ್ಲ. ತುಮಕೂರು ಜಿಲ್ಲಾ ಆಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆ ಈ ಮೂರರಿಂದ ಶುರುಮಾಡಿ. ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕಿವಿ ಪರೀಕ್ಷೆಯ ವ್ಯವಸ್ಥೆ ಇರಬೇಕು. ಹೊರಡುವ ಮೊದಲು ಇಎನ್‌ಟಿ ಓಪಿಡಿ ಯಾವ ದಿನ, ಆಡಿಯಾಲಜಿಸ್ಟ್ ಯಾವ ದಿನ ಇರುತ್ತಾರೆ ಎಂದು ಕೇಳಿಕೊಳ್ಳಿ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ 'ಮೇಡಂ ಇವತ್ತು ರಜಾ' ಅನ್ನುವ ಉತ್ತರ ಸಿಗಬಾರದು. ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳ ಇಎನ್‌ಟಿ ವಿಭಾಗ ಇನ್ನೊಂದು ದಾರಿ: ಕೋಲಾರದ ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ತುಮಕೂರಿನ ಅಗಳಕೋಟೆಯಲ್ಲಿ ಸಿದ್ಧಾರ್ಥ ಮೆಡಿಕಲ್ ಕಾಲೇಜಿನದ್ದು ಇದೆ.

ಸಂಶಯ ಉಳಿದರೆ, ಮಕ್ಕಳ ಪರೀಕ್ಷೆಯಾದರೆ, ಅಥವಾ ಎರಡನೇ ಅಭಿಪ್ರಾಯ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಪರೀಕ್ಷೆಯ ಶುಲ್ಕ ಖಾಸಗಿಗೆ ಹೋಲಿಸಿದರೆ ಬಹಳ ಕಡಿಮೆ, ಮಷೀನ್‌ಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. ಬೆಳಿಗ್ಗೆ ಬೇಗ ಸೇರಿಕೊಳ್ಳಿ, ಇಡೀ ದಿನ ಹಿಡಿಯುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವಾಕ್ ಶ್ರವಣ ವಿಭಾಗ ಮತ್ತು ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇವೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇವು ಮೈಸೂರಿಗಿಂತ ಹತ್ತಿರ.

ಆಡಿಯಾಲಜಿಸ್ಟ್ ಆಯ್ಕೆ

ಅಂಗಡಿ ಬೋರ್ಡ್ ಮೇಲೆ 'ಹಿಯರಿಂಗ್ ಸ್ಪೆಷಲಿಸ್ಟ್' ಅಂತಿದೆ. ನಿಜವಾಗ್ಲೂ ಓದಿದ್ದಾರಾ ಅಂತ ಹೇಗೆ ತಿಳ್ಕೊಳ್ಳೋದು?

ಆರ್‌ಸಿಐ ನಂಬರ್ ಕೇಳಿ. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇಲ್ಲದೆ ಈ ವೃತ್ತಿ ಮಾಡುವಂತಿಲ್ಲ. 1992ರ ಕಾಯ್ದೆ ಪ್ರಕಾರ ಅದು ಶಿಕ್ಷಾರ್ಹ. ಮಂಡಳಿಯ ವೆಬ್‌ಸೈಟಿನಲ್ಲಿ ಹೆಸರು ಅಥವಾ ನಂಬರ್ ಹಾಕಿ ಹುಡುಕಿದರೆ ನೋಂದಣಿ ಜಾರಿಯಲ್ಲಿದೆಯಾ ಗೊತ್ತಾಗುತ್ತದೆ. ಓದು ಬಿಎಎಸ್‌ಎಲ್‌ಪಿ ಆಗಿರಬೇಕು, ಅಂದರೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಡಿಗ್ರಿ. ಅದರ ಮೇಲೆ ಆಡಿಯಾಲಜಿಯಲ್ಲಿ ಎಂಎಸ್ಸಿ ಇದ್ದರೆ ಇನ್ನೂ ಒಳ್ಳೆಯದು. ಒಂದು ವರ್ಷದ ಡಿಪ್ಲೊಮಾ ಮಾಡಿದವರು ಸಹಾಯಕರಾಗಿ ಪರೀಕ್ಷೆ ಮಾಡಬಹುದು, ಆದರೆ ರಿಪೋರ್ಟಿಗೆ ಸಹಿ ಹಾಕಿ ಮಷೀನ್ ನಿರ್ಧರಿಸುವವರು ಡಿಗ್ರಿ ಇದ್ದವರಾಗಿರಬೇಕು. 'ಕಂಪನಿ ಟ್ರೈನಿಂಗ್ ಆಗಿದೆ' ಅನ್ನುವುದು ಓದಿಗೆ ಬದಲಿಯಲ್ಲ, ಅದು ಮಾರಾಟದ ತರಬೇತಿ.

ನಂಬರ್ ಕೇಳಿದಾಗ ಮುಖ ಗಂಟಿಕ್ಕಿಕೊಂಡರೆ ಎದ್ದು ಬನ್ನಿ. ಸರಿಯಾಗಿ ಓದಿದವರು ಗೋಡೆಯ ಮೇಲೆ ತೋರಿಸುತ್ತಾರೆ.

ಪರೀಕ್ಷೆ ಸರಿಯಾಗಿ ಮಾಡಿದ್ರೋ ಇಲ್ವೋ ನಮ್ಮಂಥೋರಿಗೆ ಹೇಗೆ ಗೊತ್ತಾಗುತ್ತೆ?

ಗೊತ್ತಾಗುತ್ತದೆ, ಗಮನಿಸಿದರೆ ಸಾಕು. ಮೊದಲು ಕಿವಿಯೊಳಗೆ ಟಾರ್ಚ್ ಹಾಕಿ ನೋಡುತ್ತಾರೆ. ಆಮೇಲೆ ದಪ್ಪ ಬಾಗಿಲಿನ, ಸದ್ದು ಒಳಬರದ ಕೋಣೆಯಲ್ಲಿ ಕೂರಿಸುತ್ತಾರೆ. ಹೊರಗಿನ ಆಟೋ ಹಾರ್ನ್ ಒಳಗೆ ಕೇಳುತ್ತಿದ್ದರೆ ಅಲ್ಲಿ ಬರುವ ಅಂಕಿಗೆ ಬೆಲೆಯಿಲ್ಲ. ಹೆಡ್‌ಫೋನ್ ಹಾಕಿ ಒಂದೊಂದು ಕಿವಿಗೆ ಬೇರೆ ಬೇರೆಯಾಗಿ ಬೀಪ್ ಕೊಡುತ್ತಾರೆ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ, ಅಂದರೆ ಕೆಳಗಿನ ದಪ್ಪ ಸ್ವರದಿಂದ ಮೇಲಿನ ತೆಳು ಸ್ವರದವರೆಗೆ. ನಂತರ ಕಿವಿಯ ಹಿಂದಿನ ಮೂಳೆಗೆ ಪುಟ್ಟ ವೈಬ್ರೇಟರ್ ಒತ್ತಿ ಮತ್ತೆ ಅಳೆಯುತ್ತಾರೆ. ಬಹಳ ಕಡೆ ಬಿಟ್ಟುಬಿಡುವುದು ಈ ಮೂಳೆ ಪರೀಕ್ಷೆಯನ್ನೇ, ಮುಖ್ಯವಾದದ್ದೂ ಅದೇ. ಎರಡು ಕಿವಿಗೆ ಹೆಚ್ಚು ವ್ಯತ್ಯಾಸ ಇದ್ದರೆ ಒಂದು ಕಿವಿಗೆ ಭುಸ್ಸೆನ್ನುವ ಸದ್ದು ಕೊಟ್ಟು ಇನ್ನೊಂದನ್ನು ಅಳೆಯುತ್ತಾರೆ. ಕೊನೆಗೆ ಪದಗಳನ್ನು ಹೇಳಿಸಿ, ಎಷ್ಟು ಶೇಕಡಾ ಸರಿಯಾಗಿ ಹೇಳಿದಿರಿ ಎಂದು ಬರೆಯುತ್ತಾರೆ. ಇಷ್ಟಕ್ಕೆಲ್ಲ ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷದಲ್ಲಿ ಮುಗಿದರೆ ಏನೋ ಬಿಟ್ಟಿದ್ದಾರೆ.

ಆಡಿಯೋಗ್ರಾಂ, ಅಂದರೆ ಈ ಪರೀಕ್ಷೆಯ ಗೆರೆಚಿತ್ರ, ಅದರ ಮೂಲ ಕಾಗದ ನಿಮ್ಮ ಕೈಗೆ ಬರಬೇಕು. ಬಲಗಿವಿ ಕೆಂಪು ಸೊನ್ನೆ, ಎಡಗಿವಿ ನೀಲಿ ಗುಣಾಕಾರ ಗುರುತು. ಗೆರೆ ಕೆಳಗಿಳಿದಷ್ಟೂ ಕಿವುಡು ಹೆಚ್ಚು. 25 ಡೆಸಿಬೆಲ್‌ವರೆಗೆ ವಯಸ್ಕರಲ್ಲಿ ಸರಿ ಎಂದು ಲೆಕ್ಕ. 40ರವರೆಗೆ ಅಲ್ಪ, 55ರವರೆಗೆ ಮಧ್ಯಮ, 70ರವರೆಗೆ ಮಧ್ಯಮಕ್ಕಿಂತ ಹೆಚ್ಚು, 90ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ಹೆಡ್‌ಫೋನಿನ ಗೆರೆ 55ರಲ್ಲಿದ್ದು ಮೂಳೆಯ ಗೆರೆ 15ರಲ್ಲಿದೆ ಎಂದುಕೊಳ್ಳಿ: ನಡುವಿನ 40ರ ಅಂತರ ಹೇಳುವುದು ಒಳಗಿವಿ ಚೆನ್ನಾಗಿದೆ, ಸದ್ದು ದಾರಿಯಲ್ಲಿ ತಡೆದು ನಿಂತಿದೆ ಎಂದು. ಅಂಥವರಿಗೆ ಚಿಕಿತ್ಸೆಯಿಂದಲೋ ಸಣ್ಣ ಆಪರೇಷನ್ನಿಂದಲೋ ಮಷೀನೇ ಬೇಡವಾಗಬಹುದು. ಮೂಳೆ ಪರೀಕ್ಷೆ ಮಾಡದೆ ಮಷೀನ್ ಮಾರಿದವರು ಇದನ್ನು ನಿಮಗೆ ಹೇಳುವುದೇ ಇಲ್ಲ.

ನಮ್ಮಜ್ಜಿಗೆ ತೆಲುಗು ಬಿಟ್ರೆ ಬೇರೆ ಮಾತು ಅಷ್ಟಾಗಿ ಬರಲ್ಲ. ಕನ್ನಡದಲ್ಲಿ ಪದ ಹೇಳಿಸಿದ್ರೆ ನಡೆಯುತ್ತಾ?

ನಡೆಯುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡ ಕಡೆಯ ಮನೆಗಳಲ್ಲಿ ತೆಲುಗು, ಇನ್ನು ಕೆಲವರಲ್ಲಿ ಉರ್ದು, ಕೆಜಿಎಫ್‌ನಲ್ಲಿ ತಮಿಳು. ಗೊತ್ತಿಲ್ಲದ ಭಾಷೆಯ ಪದ ತಪ್ಪು ಹೇಳಿದರೆ ಅದು ಕಿವಿಯ ತಪ್ಪೆಂದು ದಾಖಲಾಗುತ್ತದೆ. ಮನೆಮಾತು ಯಾವುದೆಂದು ಮೊದಲೇ ಹೇಳಿ, ಆ ಭಾಷೆಯ ಪದಪಟ್ಟಿ ಇದೆಯಾ ಕೇಳಿ. ಬೀಪ್ ಪರೀಕ್ಷೆಗೆ ಭಾಷೆಯ ಹಂಗಿಲ್ಲ, ಆದರೆ ಕೈ ಯಾವಾಗ ಎತ್ತಬೇಕು ಎನ್ನುವುದನ್ನು ಅಜ್ಜಿಗೆ ಅವರ ಮಾತಿನಲ್ಲೇ ತಿಳಿಸಿ ಒಳಗೆ ಕಳಿಸಿ.

ಕಲ್ಯಾಣ ಮಂಟಪದಲ್ಲಿ ಉಚಿತ ಕ್ಯಾಂಪ್ ಹಾಕಿದ್ದಾರೆ. ಇವತ್ತೇ ತಗೊಂಡ್ರೆ ಅರ್ಧ ರೇಟ್ ಅಂತಾರೆ.

ತಪಾಸಣೆ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಡಿ. ಗದ್ದಲದ ಹಾಲ್‌ನಲ್ಲಿ ಮಾಡಿದ ಪರೀಕ್ಷೆ ಯಾರಿಗೆ ತೊಂದರೆ ಇರಬಹುದು ಎಂದು ಜರಡಿ ಹಿಡಿಯಲು ಸಾಕು, ಮಷೀನ್ ಹೊಂದಿಸಲು ಸಾಲದು. ಮೂರು ತಿಂಗಳ ಮೇಲೆ ಮಷೀನ್ ಕೆಟ್ಟಾಗ ಆ ಕ್ಯಾಂಪ್‌ನವರನ್ನು ಎಲ್ಲಿ ಹುಡುಕುತ್ತೀರಿ?

ದುಡ್ಡಿನ ಲೆಕ್ಕ

ಒಂದು ಕಡೆ 15 ಸಾವಿರ ಅಂತಾರೆ, ಇನ್ನೊಂದು ಕಡೆ ಎರಡು ಲಕ್ಷ. ಇಷ್ಟು ವ್ಯತ್ಯಾಸ ಯಾಕೆ?

ದರದಲ್ಲಿ ಹೆಚ್ಚು ಪಾಲು ಹೋಗುವುದು ಗದ್ದಲದಲ್ಲಿ ಮಾತನ್ನು ಬೇರ್ಪಡಿಸುವ ಶಕ್ತಿ, ಸ್ವರಗಳನ್ನು ಭಾಗ ಮಾಡಿ ಹೊಂದಿಸುವ ಚಾನೆಲ್‌ಗಳ ಸಂಖ್ಯೆ, ಬ್ಲೂಟೂತ್, ಚಾರ್ಜಿಂಗ್, ಚಿಕ್ಕ ಗಾತ್ರ ಇವಕ್ಕೆ. ಮನೆಯಲ್ಲಿ ನಾಲ್ಕು ಜನರ ಜೊತೆ ಮಾತಾಡುವ, ಟಿವಿ ನೋಡುವ, ದೇವಸ್ಥಾನಕ್ಕೆ ಹೋಗಿಬರುವ ಎಪ್ಪತ್ತು ವರ್ಷದವರಿಗೆ ಕಿವಿ ಹಿಂದೆ ಕೂರುವ ಸರಳ ಡಿಜಿಟಲ್ ಮಷೀನ್, ಒಂದಕ್ಕೆ ಸುಮಾರು 10ರಿಂದ 25 ಸಾವಿರದ್ದು, ಸಾಕಾಗುತ್ತದೆ. ದಿನವೂ ಮೀಟಿಂಗ್, ಮಂಡಿ ವ್ಯಾಪಾರ, ತರಗತಿ ಇರುವವರಿಗೆ ಮಧ್ಯಮ ದರ್ಜೆಯದ್ದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ತೀರಾ ಮೇಲ್ದರ್ಜೆಯದ್ದು ಬಹುಪಾಲು ಜನರಿಗೆ ಬೇಕಿಲ್ಲ. ಸರಿಯಾಗಿ ಹೊಂದಿಸಿದ 20 ಸಾವಿರದ ಮಷೀನ್, ಸುಮ್ಮನೆ ಕಿವಿಗೆ ತೂರಿಸಿ ಕಳಿಸಿದ ಎರಡು ಲಕ್ಷದ್ದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೇ ಮೊದಲು ಆಡಿಯಾಲಜಿಸ್ಟ್‌ರನ್ನು ಆರಿಸಿ, ಮಷೀನ್ ಆಮೇಲೆ.

ಹೊರಡುವ ಮುನ್ನ ಬಿಳಿ ಹಾಳೆಯಲ್ಲಿ ಬರೆಸಿಕೊಳ್ಳಬೇಕಾದವು: ಕಂಪನಿ ಮತ್ತು ಮಾಡೆಲ್‌ನ ಪೂರ್ತಿ ಹೆಸರು, ವಾರಂಟಿ ಎಷ್ಟು ವರ್ಷ, ಮರುಹೊಂದಿಕೆಗೆ ಬಂದಾಗ ಪ್ರತಿಸಲ ದುಡ್ಡು ಕೊಡಬೇಕಾ, ಕಿವಿಯೊಳಗೆ ಕೂರುವ ಅಚ್ಚಿನ ದರ ಸೇರಿದೆಯಾ, ಒಂದೆರಡು ವಾರ ಹಾಕಿ ನೋಡಿ ವಾಪಸ್ ಕೊಡಬಹುದಾ. ಇನ್ನೊಂದು ಮುಖ್ಯ ಪ್ರಶ್ನೆ: ಬೇರೆ ಊರಿನ ಆಡಿಯಾಲಜಿಸ್ಟ್ ಕೂಡ ಈ ಮಷೀನ್ ಹೊಂದಿಸಲು ಬರುತ್ತದಾ? ಕೆಲವು ಮಷೀನ್‌ಗಳಿಗೆ ಸಾಫ್ಟ್‌ವೇರ್ ಬೀಗ ಇರುತ್ತದೆ, ಮಾರಿದ ಅಂಗಡಿಯವರು ಬಿಟ್ಟು ಬೇರೆ ಯಾರೂ ಮುಟ್ಟಲಾಗದು. ಆ ಅಂಗಡಿ ಮುಚ್ಚಿದರೆ ಕಥೆ ಮುಗಿಯಿತು. ಬಿಲ್‌ನಲ್ಲಿ ಪ್ರತಿ ಕಿವಿಯ ಮಷೀನಿನ ಸೀರಿಯಲ್ ನಂಬರ್ ಇರಲಿ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಸೇರಿಸಿದ್ದರೆ ಕೇಳಿ.

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೇ ಸಿಗುತ್ತಲ್ಲ?

ಅದು ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುವ ಆಂಪ್ಲಿಫೈಯರ್. ವಯಸ್ಸಾದವರಿಗೆ ಸಾಮಾನ್ಯವಾಗಿ ಹೋಗಿರುವುದು ಮೇಲಿನ ಸ್ವರಗಳು: ಹಾಲು, ಸಾಲು, ಕಾಲು ಮೂರೂ ಅವರಿಗೆ ಒಂದೇ ಥರ ಕೇಳುತ್ತವೆ. ಕೆಳಗಿನ ಸ್ವರ ಅವರಿಗೆ ಚೆನ್ನಾಗೇ ಕೇಳುತ್ತಿದೆ. ಅದನ್ನೂ ಜೋರು ಮಾಡಿದರೆ ಫ್ಯಾನ್, ಮಿಕ್ಸಿ, ಲಾರಿ ಸದ್ದು ತಲೆಗೆ ಹೊಡೆಯುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ. ಜೊತೆಗೆ ಸದ್ದಿಗೆ ಸರಿಯಾದ ಮಿತಿ ಇಲ್ಲದ್ದಾದರೆ ಉಳಿದ ಶ್ರವಣಕ್ಕೂ ಕುತ್ತು.

ಎರಡೂ ಕಿವಿಗೆ ತಗೋಬೇಕಾ, ಒಂದಕ್ಕೆ ಸಾಕಾ?

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಹಾಕುವುದು ಒಳ್ಳೆಯದು: ಸದ್ದು ಯಾವ ಕಡೆಯಿಂದ ಬಂತು ತಿಳಿಯುತ್ತದೆ, ಗದ್ದಲದಲ್ಲಿ ಮಾತು ಹಿಡಿಯುವುದು ಸುಲಭ. ರಸ್ತೆ ದಾಟುವವರಿಗೆ ಇದು ಸಣ್ಣ ವಿಷಯವಲ್ಲ. ದುಡ್ಡು ಒಂದಕ್ಕೇ ಇದ್ದರೆ ಪದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದ ಕಿವಿಗೆ ಹಾಕಿಸಿ. ಒಂದು ದುಬಾರಿಯದ್ದಕ್ಕಿಂತ ಎರಡು ಸಾಧಾರಣದವು ಮೇಲು.

ಸರ್ಕಾರದಿಂದ ಉಚಿತವಾಗಿ ಸಿಗೋದು ಹೇಗೆ? ಯಾರನ್ನ ಕೇಳ್ಬೇಕು?

ಮುಖ್ಯ ದಾರಿ ಎರಡು. ಮೊದಲನೆಯದು ಕೇಂದ್ರದ ಅಡಿಪ್ ಯೋಜನೆ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ತಿಂಗಳ ಆದಾಯ 22,500 ರೂಪಾಯಿವರೆಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಕಳೆದ ಮೂರು ವರ್ಷದಲ್ಲಿ ಇದೇ ಸಾಧನ ಸರ್ಕಾರದಿಂದ ಪಡೆದಿರಬಾರದು, 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದು ವರ್ಷ. ಎರಡನೆಯದು 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆ, 60 ದಾಟಿದ ಬಿಪಿಎಲ್ ಹಿರಿಯರಿಗೆ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ. ಇದನ್ನು ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆ ಕ್ಯಾಂಪ್ ಹಾಕಿ ತಪಾಸಣೆ ಮಾಡಿ ಕೊಡುತ್ತದೆ.

ಕೇಳಬೇಕಾದವರು: ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಚೇರಿ. ಮುಂದಿನ ಕ್ಯಾಂಪ್ ಯಾವಾಗ ಎಂದು ಕೇಳಿ ಹೆಸರು ಬರೆಸಿಬಿಡಿ. ಹಿರಿಯರಾದರೆ 14567 ಸಹಾಯವಾಣಿಗೂ ಫೋನ್ ಮಾಡಬಹುದು. ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಡಿಯೋಗ್ರಾಂ, ಫೋಟೊ ಇವುಗಳ ಎರಡೆರಡು ಜೆರಾಕ್ಸ್ ಒಂದು ಕವರಿನಲ್ಲಿ ಸಿದ್ಧ ಇಟ್ಟುಕೊಳ್ಳಿ. ಕ್ಯಾಂಪ್‌ನಿಂದ ಜನ ಬರಿಗೈಲಿ ಬರುವುದು ಹೆಚ್ಚಾಗಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರಿಂದ.

ಉಚಿತವಾಗಿ ಬಂದ ಮಷೀನ್ ಕೂಡ ನಿಮ್ಮ ಆಡಿಯೋಗ್ರಾಂಗೆ ತಕ್ಕಂತೆ ಹೊಂದಿಸಿದ್ದಾಗಿರಬೇಕು. ಹಾಗೇ ಕೈಗಿಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಆಡಿಯಾಲಜಿಸ್ಟ್ ಬಳಿ ತೆಗೆದುಕೊಂಡು ಹೋಗಿ ಕೇಳಿ.

ಒಂದು ಕಿವಿ ಪೂರ್ತಿ ಹೋಗಿದೆ. ಅಂಗವಿಕಲರ ಯುಡಿಐಡಿ ಕಾರ್ಡ್ ಸಿಗುತ್ತಾ?

ಇನ್ನೊಂದು ಕಿವಿ ಚೆನ್ನಾಗಿದ್ದರೆ ಶೇ. 40 ಮುಟ್ಟುವುದಿಲ್ಲ. ಲೆಕ್ಕದಲ್ಲಿ ಚೆನ್ನಾಗಿರುವ ಕಿವಿಗೆ ಐದು ಪಾಲು, ಕೆಟ್ಟ ಕಿವಿಗೆ ಒಂದು ಪಾಲು ತೂಕ. 2016ರ ಕಾಯ್ದೆಯೂ ಎರಡೂ ಕಿವಿಯ ನಷ್ಟವನ್ನೇ ನೋಡುತ್ತದೆ: 60ರಿಂದ 70 ಡೆಸಿಬೆಲ್ ಆದರೆ ಮಂದ ಶ್ರವಣ, 70 ಆದರೆ ಕಿವುಡು. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿ, ಜಿಲ್ಲಾ ಆಸ್ಪತ್ರೆ ಕರೆದ ದಿನ ಹೋಗಬೇಕು. ಬೀಪ್ ಪರೀಕ್ಷೆಯ ಜೊತೆ ಬೆರಾ ಪರೀಕ್ಷೆಯನ್ನೂ ಕೇಳುವುದುಂಟು, ಏಕೆಂದರೆ ಅದರಲ್ಲಿ ರೋಗಿ ಕೈ ಎತ್ತಬೇಕಿಲ್ಲ, ನರದ ಪ್ರತಿಕ್ರಿಯೆ ನೇರ ದಾಖಲಾಗುತ್ತದೆ.

ಕ್ರಷರ್‌ನಲ್ಲಿ, ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಕಿವಿ ಮಂದ ಆಗಿದೆ. ಏನಾದ್ರೂ ಸಿಗುತ್ತಾ?

ಇಎಸ್‌ಐ ಕಾರ್ಡ್ ಇದ್ದರೆ ಮೊದಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ವಿಮೆದಾರರಿಗೆ ಶ್ರವಣ ಸಾಧನ ಕೊಡುವ ವ್ಯವಸ್ಥೆ ಅಲ್ಲಿದೆ. ಗದ್ದಲದಿಂದ ಆದ ಕಿವುಡು ಕಾನೂನಿನಲ್ಲಿ ಔದ್ಯೋಗಿಕ ಕಾಯಿಲೆ, ಪರಿಹಾರಕ್ಕೆ ಅರ್ಜಿ ಹಾಕಬಹುದು. ಆಡಿಯೋಗ್ರಾಂನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಕುಳಿ ಬಿದ್ದಂತೆ ಇಳಿದು ಮತ್ತೆ ಏರುವುದು ಇದರ ಗುರುತು. ಕೆಲಸಕ್ಕೆ ಸೇರಿದಾಗಿನ ಪರೀಕ್ಷೆಯ ಕಾಗದ ಇದ್ದರೆ ವಾದಕ್ಕೆ ಬಲ ಬರುತ್ತದೆ. ವಸಂತನರಸಾಪುರ, ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಈಗ ಸೇರುತ್ತಿರುವ ಹುಡುಗರು ಮೊದಲ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಲಿ. ಒಳಗಿವಿಯಲ್ಲಿ ಸತ್ತ ಶ್ರವಣಕೋಶ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಇಯರ್‌ಪ್ಲಗ್ ಕೇಳಿ ಪಡೆಯಿರಿ.

ಮಷೀನ್ ಮನೆಗೆ ಬಂದ ಮೇಲೆ

ಹಾಕ್ಕೊಂಡ್ರೆ ಬರೀ ಗದ್ದಲ ಅಂತ ಅಮ್ಮ ಡಬ್ಬಿಯಲ್ಲಿಟ್ಟುಬಿಟ್ಟಿದ್ದಾರೆ. ದುಡ್ಡು ದಂಡ ಆಯ್ತಾ?

ಇಲ್ಲ. ವರ್ಷಗಟ್ಟಲೆ ಕೇಳದ ಸದ್ದು ಒಮ್ಮೆಲೇ ಬಂದಾಗ ಮೆದುಳಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಮೊದಲ ವಾರ ದಿನಕ್ಕೆ ಎರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಎದುರು ಕೂತು ಮಾತು. ಆಮೇಲೆ ಅಡುಗೆಮನೆ, ಟಿವಿ. ಸಂತೆ, ಮದುವೆಮನೆ ಕೊನೆಗೆ. ಯಾವ ಸದ್ದು ಚುಚ್ಚುತ್ತದೆ, ಯಾರ ಮಾತು ತಿಳಿಯುತ್ತಿಲ್ಲ ಎಂದು ಬರೆದಿಡಿ: 'ಪಾತ್ರೆ ಸದ್ದು ಚುಚ್ಚುತ್ತೆ', 'ಮೊಮ್ಮಗಳ ಮಾತು ಅರ್ಥ ಆಗಲ್ಲ'. ಆಡಿಯಾಲಜಿಸ್ಟ್‌ಗೆ 'ಚೆನ್ನಾಗಿಲ್ಲ' ಅನ್ನುವುದಕ್ಕಿಂತ ಇದು ಸಾವಿರ ಪಾಲು ಉಪಯೋಗ. ಎರಡು ಮೂರು ಸಲ ಮರುಹೊಂದಿಕೆ ಸಹಜ, ಅದಕ್ಕೆ ಹೋಗದೆ ಬಿಡುವುದರಿಂದಲೇ ಇಷ್ಟು ಮಷೀನ್‌ಗಳು ಬೀರು ಸೇರಿರುವುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿಯಲ್ ಇಯರ್ ಅಳತೆ ಮಾಡುತ್ತೀರಾ ಎಂದು ಕೇಳಿ. ಕಿವಿಯೊಳಗೆ ಕೂದಲೆಳೆಯಂಥ ಮೆತ್ತನೆ ನಳಿಕೆ ಇಟ್ಟು, ಮಷೀನ್ ನಿಜವಾಗಿ ತಮಟೆಯ ಬಳಿ ಎಷ್ಟು ಸದ್ದು ತಲುಪಿಸುತ್ತಿದೆ ಎಂದು ಅಳೆದು, ಆಡಿಯೋಗ್ರಾಂ ಬೇಡುವ ಗುರಿಯ ಜೊತೆ ತಾಳೆ ನೋಡುತ್ತಾರೆ. ಕಂಪ್ಯೂಟರ್ ತಾನೇ ಕೊಡುವ ಹೊಂದಿಕೆ ಆ ಗುರಿಗೆ, ಅದರಲ್ಲೂ ಮೇಲಿನ ಸ್ವರಗಳಲ್ಲಿ, ಎಷ್ಟೋ ಸಲ ಕಡಿಮೆ ಬೀಳುತ್ತದೆ. ಈ ಯಂತ್ರ ಎಲ್ಲ ಕಡೆ ಇಲ್ಲ, ಇರುವ ಕಡೆ ಹೋಗಿ ಒಮ್ಮೆ ಅಳೆಸಿಕೊಂಡರೆ ಹೋದ ಬಸ್ ಚಾರ್ಜು ದಕ್ಕುತ್ತದೆ.

ಯಾವಾಗ್ಲೂ ಕುಂಯ್ ಅಂತ ಕೂಗುತ್ತೆ, ಇಲ್ಲಾಂದ್ರೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತೆ.

ಕೂಗುವುದು ಎಂದರೆ ಹೊರಗೆ ಸೋರಿದ ಸದ್ದು ಮತ್ತೆ ಮೈಕ್‌ಗೆ ಹೋಗುತ್ತಿದೆ ಎಂದು. ಅಚ್ಚು ಸರಿಯಾಗಿ ಕೂತಿಲ್ಲ, ಸಡಿಲವಾಗಿದೆ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ಮಷೀನಿನಿಂದ ಅಚ್ಚಿಗೆ ಹೋಗುವ ನಳಿಕೆ ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸಿ, ಮೂರರಿಂದ ಆರು ತಿಂಗಳಿಗೊಮ್ಮೆ ಬೇಕಾಗುತ್ತದೆ.

ಸದ್ದೇ ಇಲ್ಲದಿದ್ದರೆ ಅಂಗಡಿಗೆ ಓಡುವ ಮೊದಲು ಹೊಸ ಬ್ಯಾಟರಿ ಹಾಕಿ. ಸ್ಟಿಕ್ಕರ್ ಬಣ್ಣ ನೋಡಿ ಬ್ಯಾಟರಿಯ ಅಳತೆ ಗುರುತಿಸಿ: ಕಂದು 312, ಕಿತ್ತಳೆ 13, ನೀಲಿ 675, ಹಳದಿ 10. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಇಟ್ಟು ಆಮೇಲೆ ಹಾಕಿ, ಗಾಳಿ ಸೇರಿದ ಮೇಲೇ ಅದು ಪೂರ್ತಿ ಶಕ್ತಿ ಕೊಡುವುದು. ಸ್ಟಿಕ್ಕರ್ ವಾಪಸ್ ಅಂಟಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ನಂತರ ಅಚ್ಚಿನ ತೂತಿನಲ್ಲೋ ಗುಗ್ಗೆ ತಡೆಯುವ ಬಿಳಿ ಫಿಲ್ಟರ್‌ನಲ್ಲೋ ಗುಗ್ಗೆ ಕಟ್ಟಿದೆಯಾ ನೋಡಿ. ನಳಿಕೆಯಲ್ಲಿ ಬೆವರಿನ ಹನಿ ನಿಂತಿದ್ದರೂ ಸದ್ದು ನಿಲ್ಲುತ್ತದೆ. ರಾತ್ರಿ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ಹರಳಿನ ಬಣ್ಣ ಬದಲಾದರೆ ಹರಳನ್ನೂ ಬದಲಿಸಿ. ಹೊಲದ ಕೆಲಸ ಮಾಡುವವರ ಮಷೀನ್ ಕೆಡುವುದು ಹೆಚ್ಚಾಗಿ ಬೆವರಿನಿಂದ. ಸತ್ತ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ತಕ್ಷಣ ಆಸ್ಪತ್ರೆಗೆ.

ಮಕ್ಕಳ ಕಿವಿ

ಮಗುಗೆ ಒಂದು ವರ್ಷ. ಕರೆದ್ರೆ ತಿರುಗಲ್ಲ. 'ನಿಧಾನಕ್ಕೆ ಮಾತು ಬರುತ್ತೆ ಬಿಡಿ' ಅಂತಾರೆ ಮನೆಯೋರು.

ಈ ವಾರವೇ ಹೋಗಿ. ಹುಟ್ಟಿದ ಒಂದು ತಿಂಗಳಲ್ಲಿ ತಪಾಸಣೆ, ಮೂರು ತಿಂಗಳಲ್ಲಿ ನಿರ್ಣಯ, ಆರು ತಿಂಗಳಲ್ಲಿ ಮಷೀನ್ ಮತ್ತು ತರಬೇತಿ ಶುರು ಎನ್ನುವುದು ಪ್ರಪಂಚದೆಲ್ಲೆಡೆ ಪಾಲಿಸುವ ಗಡುವು. ಅದು ದಾಟಿದ್ದರೆ ಇನ್ನು ಒಂದು ದಿನವೂ ತಡ ಬೇಡ. ತಟ್ಟೆ ಬಡಿದಾಗ ತಿರುಗಿತು ಎಂದು ಸಮಾಧಾನ ಪಡಬೇಡಿ, ಮಗು ನಿಮ್ಮ ನೆರಳನ್ನು ನೋಡಿ ತಿರುಗಿರಬಹುದು, ಅಥವಾ ಆ ಒಂದು ಸ್ವರ ಮಾತ್ರ ಕೇಳಿರಬಹುದು.

ಒಳಗಿವಿಯ ಪ್ರತಿಕ್ರಿಯೆ ನೋಡುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು. ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು: ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ, ಅಲ್ಲಿ ಹೋದ ಮೇಲೆ ಹಾಲು ಕುಡಿಸಿ ಮಲಗಿಸಿ. ತಲೆಗೆ ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ಅಂಗನವಾಡಿ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೂ ತಿಳಿಸಿ. ಹುಟ್ಟು ಕಿವುಡು ಆ ಕಾರ್ಯಕ್ರಮದ ಪಟ್ಟಿಯಲ್ಲೇ ಇದೆ, ಜಿಲ್ಲಾ ಆಸ್ಪತ್ರೆಯ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ.

ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿ ಅಂದ್ರು. ಲಕ್ಷಗಟ್ಟಲೆ ಎಲ್ಲಿಂದ ತರೋದು?

ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ. ಸಾಲ ಮಾಡುವ ಮೊದಲು ಸರ್ಕಾರದ ದಾರಿ ನೋಡಿ. ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗಿದೆ. ಕೇಂದ್ರದ ಅಡಿಪ್‌ನಲ್ಲೂ ಹುಟ್ಟು ಕಿವುಡಿನ ಮಕ್ಕಳಿಗೆ ಐದು ವರ್ಷದೊಳಗೆ ಮಾಡಿಸುವ ಅವಕಾಶವಿದೆ. ಎರಡಕ್ಕೂ ವಯಸ್ಸೇ ಮುಖ್ಯ, ಆದ್ದರಿಂದ ಕಡತ ಓಡುತ್ತಿರುವಾಗ ಮಷೀನ್ ಹಾಕಿ ತರಬೇತಿ ಶುರುಮಾಡಿರಿ, ಆಯ್ಕೆ ಮಾಡುವವರೂ ಅದನ್ನು ನೋಡುತ್ತಾರೆ. ಆಪರೇಷನ್ ಆದ ದಿನವೇ ಮಗುವಿಗೆ ಕೇಳುವುದಿಲ್ಲ. ಗಾಯ ಮಾಗಿದ ಮೇಲೆ ಹೊರಗಿನ ಯಂತ್ರ ಚಾಲೂ ಮಾಡುತ್ತಾರೆ, ಆಮೇಲೆ ಯಂತ್ರವನ್ನು ಮಗುವಿಗೆ ತಕ್ಕಂತೆ ಹೊಂದಿಸುವ ಮ್ಯಾಪಿಂಗ್‌ಗೆ ಮತ್ತೆ ಮತ್ತೆ ಹೋಗಬೇಕು, ಮಾತಿನ ತರಬೇತಿ ಒಂದೆರಡು ವರ್ಷ ಬಿಡದೆ ನಡೆಯಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ತರಬೇತಿ ನಿಮ್ಮ ಊರಿಗೆ ಹತ್ತಿರ ಎಲ್ಲಿ ಸಿಗುತ್ತದೆ, ವಾರಂಟಿ ಮುಗಿದ ಮೇಲೆ ಹೊರಗಿನ ಯಂತ್ರ ಕೆಟ್ಟರೆ ಖರ್ಚು ಯಾರದ್ದು, ಕೇಬಲ್ ಮತ್ತು ಬ್ಯಾಟರಿಗೆ ವರ್ಷಕ್ಕೆ ಎಷ್ಟಾಗುತ್ತದೆ.